ಕಣ್ಣಳತೆ ಬೇರೆ, ಕೈಯಳತೆ ಬೇರೆ

ಅಮೆರಿಕದ ಟಾಹೋ ಸರೋವರದ ನೆವಾಡಾ ದಡದಲ್ಲಿ ಸ್ಯಾಂಡ್ ಹಾರ್ಬರ್ ಇದೆ. ಅದರ ಒಂದು ಮೂಲೆಯ ಸಣ್ಣ ಕೊಲ್ಲಿಗೆ ಡೈವರ್ಸ್ ಕೋವ್ ಅಂತಲೇ ಹೆಸರು. ಬೇಸಿಗೆಯ ಶನಿವಾರ ಬೆಳಿಗ್ಗೆ ಅಲ್ಲಿ ನಿಂತು ನೋಡಿದರೆ ಒಂದು ವಿಷಯ ಮನಸ್ಸಿಗೆ ಚುಚ್ಚುತ್ತಲೇ ಇರುತ್ತದೆ. ಫೋನಿನ ಗುಂಪೊಂದರಲ್ಲಿ ಪರಿಚಯವಾದ ಇಬ್ಬರೋ ಮೂವರೋ ಕಾರಿನ ಡಿಕ್ಕಿ ತೆಗೆದು ಸ್ಕೂಬಾ ಡೈವಿಂಗಿನ ಸಿಲಿಂಡರ್ ಇಳಿಸುತ್ತಿರುತ್ತಾರೆ. ಊರು ಯಾವುದು, ಕೆಲಸ ಎಲ್ಲಿ, ಬರುವಾಗ ಟ್ರಾಫಿಕ್ ಹೇಗಿತ್ತು ಎಂಬ ಮಾತೆಲ್ಲ ಆಗುತ್ತದೆ. ಫ್ಲಾಸ್ಕಿನ ಕಾಫಿ ಹಂಚಿಕೊಳ್ಳುತ್ತಾರೆ, ಒಬ್ಬರ ಸೂಟಿನ ಜಿಪ್ ಇನ್ನೊಬ್ಬರು ಎಳೆದು ಕೊಡುತ್ತಾರೆ. ಆದರೆ ‘ನೀವು ಕೊನೆಯ ಸಲ ನೀರಿಗಿಳಿದದ್ದು ಯಾವಾಗ? ಇಷ್ಟು ತಣ್ಣೀರಿನಲ್ಲಿ ಹಿಂದೆ ಇಳಿದಿದ್ದೀರಾ?’ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಅಷ್ಟೊತ್ತಿಗೆ ತಾನೇ ಪರಿಚಯವಾದವರ ಅನುಭವದ ಬಗ್ಗೆ ವಿಚಾರಿಸಿದರೆ ಎಲ್ಲಿ ಬೇಸರ ಮಾಡಿಕೊಳ್ಳುತ್ತಾರೋ ಎಂಬ ದಾಕ್ಷಿಣ್ಯ. ಆಮೇಲೆ ಅದೇ ಇಬ್ಬರು ಒಬ್ಬರ ಉಸಿರು ಇನ್ನೊಬ್ಬರ ಕೈಯಲ್ಲಿರುವ ಜಾಗಕ್ಕೆ ಇಳಿಯುತ್ತಾರೆ.

ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ಕನ್ನಡಿಗರಲ್ಲಿ ಡೈವಿಂಗ್ ಕಲಿತವರು ಸಾಮಾನ್ಯವಾಗಿ ಎರಡು ದಾರಿಯಲ್ಲಿ ಬಂದಿರುತ್ತಾರೆ. ಕೆಲವರು ಮುರುಡೇಶ್ವರದ ನೇತ್ರಾಣಿಯಲ್ಲೋ ಅಂಡಮಾನಿನಲ್ಲೋ ಬೆಚ್ಚನೆಯ ಸಮುದ್ರದಲ್ಲಿ ಮೊದಲ ಉಸಿರು ಎಳೆದವರು. ಅಲ್ಲಿ ಡೈವ್ ಮಾಸ್ಟರ್ ಸಿಲಿಂಡರ್ ಜೋಡಿಸಿ, ತೂಕ ಕಟ್ಟಿ, ನೀರಿನಲ್ಲೂ ಪಕ್ಕದಲ್ಲೇ ಇರುತ್ತಾರೆ. ಇನ್ನು ಕೆಲವರು ಕ್ಯಾಲಿಫೋರ್ನಿಯಾ ಕರಾವಳಿಯ ಮಾಂಟೆರೇ ಕೊಲ್ಲಿಯ 10ರಿಂದ 14 ಡಿಗ್ರಿ ನೀರಿನಲ್ಲಿ ಪಳಗಿದವರು. ಇವರಿಗೆ ಚಳಿ ಗೊತ್ತು, ಆದರೆ ಅವರ ಲೆಕ್ಕವೆಲ್ಲ ಉಪ್ಪುನೀರಿನದು, ಸಮುದ್ರಮಟ್ಟದ್ದು. ಟಾಹೋ ಇರುವುದು 1,897 ಮೀಟರ್ ಎತ್ತರದಲ್ಲಿ, ನೀರು ಸಿಹಿ, ತಳ 501 ಮೀಟರ್ ಕೆಳಗೆ. ಎರಡೂ ಕಡೆಯವರಿಗೆ ಇಲ್ಲಿ ಹೊಸದಾಗಿ ಕಲಿಯುವುದಿದೆ. ಹೊಸಬರಿಬ್ಬರು ಸೇರಿದಾಗ ಒಬ್ಬರಿಗೆ ಗೊತ್ತಿಲ್ಲದ್ದು ಇನ್ನೊಬ್ಬರಿಗೆ ಗೊತ್ತಿರಬೇಕು ಅಂತೇನೂ ಇಲ್ಲ.

ನನ್ನ ಮಟ್ಟಿಗೆ ಈ ಸರೋವರದ ದೊಡ್ಡ ಅಪಾಯ ಅದರ ತಿಳಿನೀರೇ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಡೇವಿಸ್‌ನ ಸಂಶೋಧಕರು 1968ರಿಂದ ಬಿಳಿಯ ತಟ್ಟೆಯೊಂದನ್ನು ನೀರಿಗೆ ಇಳಿಬಿಟ್ಟು, ಅದು ಕಣ್ಣಿಗೆ ಕಾಣದಾಗುವ ಆಳವನ್ನು ಅಳೆಯುತ್ತ ಬಂದಿದ್ದಾರೆ. ಶುರುವಿನಲ್ಲಿ ಅದು 31 ಮೀಟರ್ ಇತ್ತು, ಈಚಿನ ವರ್ಷಗಳಲ್ಲಿ 20ರ ಆಸುಪಾಸಿಗೆ ಬಂದಿದೆ. ಹಾಗಿದ್ದರೂ ಮಾಂಟೆರೇಯಲ್ಲಿ ಆರೇಳು ಮೀಟರ್ ಕಂಡರೆ ಖುಷಿಪಡುವವರಿಗೆ ಇದು ಗಾಜು. ಮಬ್ಬುನೀರಿನಲ್ಲಿ ಜೊತೆಗಾರರು ಕಳೆದುಹೋಗುವ ಭಯಕ್ಕೇ ಹತ್ತಿರ ಇರುತ್ತಾರೆ. ಟಾಹೋದಲ್ಲಿ ಒಬ್ಬರು ಬಂಡೆಯ ಈ ಕಡೆ, ಇನ್ನೊಬ್ಬರು 15 ಮೀಟರ್ ಆಚೆ. ಇಬ್ಬರಿಗೂ ಒಬ್ಬರಿಗೊಬ್ಬರು ಚೆನ್ನಾಗಿ ಕಾಣುತ್ತಾರೆ, ಆದ್ದರಿಂದ ಜೊತೆಯಲ್ಲೇ ಇದ್ದೇವೆ ಎಂಬ ನೆಮ್ಮದಿ. ದಪ್ಪ ಸೂಟ್ ತೊಟ್ಟು ಜೋರಾಗಿ ಫಿನ್ ಹೊಡೆದರೂ ಆ 15 ಮೀಟರ್ ದಾಟಲು ಅರ್ಧ ನಿಮಿಷ ಬೇಕು. ಗಾಳಿ ಬರುತ್ತಿಲ್ಲ ಎಂದು ಗೊತ್ತಾಗುವುದು ಉಸಿರು ಪೂರ್ತಿ ಬಿಟ್ಟು ಮುಂದಿನದನ್ನು ಎಳೆಯಲು ಹೋದಾಗ. ಖಾಲಿ ಶ್ವಾಸಕೋಶದಲ್ಲಿ, ಗಾಬರಿಯಲ್ಲಿ, ಬೆನ್ನು ತಿರುಗಿಸಿ ಬೇರೇನೋ ನೋಡುತ್ತಿರುವವರ ಹಿಂದೆ ಅರ್ಧ ನಿಮಿಷ ಈಜುವುದು ಆಗದ ಮಾತು. ಹೊಸ ಜೊತೆಗಾರರ ನಡುವೆ ಎರಡು ಮೀಟರಿಗಿಂತ ಹೆಚ್ಚು ಅಂತರ ಇರಬಾರದು. ಒಬ್ಬರ ಹಿಂದೆ ಒಬ್ಬರು ಹೋಗುವ ಬದಲು ಅಕ್ಕಪಕ್ಕ ಈಜಬೇಕು; ತಲೆ ತಿರುಗಿಸಿದರೆ ಮುಖ ಕಾಣಬೇಕು.

ದಡದ ಮೇಲಿನ ಕಾಲು ಗಂಟೆ

ಕೇಳಬೇಕಾದ್ದನ್ನು ದಡದ ಮೇಲೆಯೇ, ಸೂಟು ಹಾಕಿಕೊಳ್ಳುವ ಮೊದಲೇ ಕೇಳಿಬಿಡಬೇಕು. ಹುಡ್ ಹಾಕಿದ ಮೇಲೆ ಯಾರಿಗೂ ಏನೂ ಸರಿಯಾಗಿ ಕೇಳಿಸುವುದಿಲ್ಲ. ಕೊನೆಯ ಡೈವ್ ಯಾವಾಗ? ಈ ಸೂಟಿನಲ್ಲಿ, ಈ ಗ್ಲೌಸಿನಲ್ಲಿ ಹಿಂದೆ ಇಳಿದಿದ್ದೀರಾ? ಇಳಿದ ಅತಿ ತಣ್ಣನೆಯ ನೀರು ಎಷ್ಟು ಡಿಗ್ರಿ? ರೆಗ್ಯುಲೇಟರ್ (ಸಿಲಿಂಡರಿನ ಗಾಳಿಯನ್ನು ಬಾಯಿಗೆ ತರುವ ಸಲಕರಣೆ) ನಿಮ್ಮದೋ ಬಾಡಿಗೆಯದೋ? ಇಂಥ ಪ್ರಶ್ನೆಗಳನ್ನು ಪರೀಕ್ಷೆ ಮಾಡುವವರಂತೆ ಕೇಳಿದರೆ ಎದುರಿನವರು ಮುದುಡಿಕೊಳ್ಳುತ್ತಾರೆ. ಮೊದಲು ನಮ್ಮದನ್ನು ಹೇಳಿಕೊಳ್ಳುವುದು ಒಳ್ಳೆಯ ಉಪಾಯ. ‘ನಾನು ಏಪ್ರಿಲ್‌ನಿಂದ ಇಳಿದಿಲ್ಲ, ಮೊದಲ ಹತ್ತು ನಿಮಿಷ ನನ್ನ ಉಸಿರು ಜೋರಿರುತ್ತೆ, ಸ್ವಲ್ಪ ನಿಧಾನ ಹೋಗೋಣ’ ಎಂದರೆ ಎದುರಿನವರೂ ತಮ್ಮದನ್ನು ಬಿಚ್ಚಿಡುತ್ತಾರೆ. ಡ್ರೈಸೂಟ್ (ನೀರು ಒಳಬಿಡದ, ಒಳಗೆ ಗಾಳಿ ತುಂಬುವ ಸೂಟು) ಬಾಡಿಗೆಗೆ ತಂದವರಿದ್ದರೆ ಅದರ ತರಬೇತಿ ಆಗಿದೆಯೇ ಎಂದು ಕೇಳಲೇಬೇಕು. ಕಾಲಿನ ಕಡೆ ಗಾಳಿ ಸೇರಿ ತಲೆಕೆಳಗಾಗಿ ಮೇಲೆ ಹಾರಿಹೋಗುವವರನ್ನು ಪಕ್ಕದವರು ತಡೆಯುವುದು ಕಷ್ಟ.

ಆಮೇಲೆ ಸಲಕರಣೆ. ನನ್ನ ಆಕ್ಟೋಪಸ್, ಅಂದರೆ ಜೊತೆಗಾರರಿಗೆ ಕೊಡಲು ಇಟ್ಟ ಎರಡನೆಯ ರೆಗ್ಯುಲೇಟರ್, ಎಲ್ಲಿದೆ, ಗಾಳಿ ಬೇಕಾದರೆ ನಾನು ಕೊಡುವುದು ಬಾಯಲ್ಲಿರುವುದನ್ನೋ ಎದೆಯ ಮೇಲಿನ ಹಳದಿಯದನ್ನೋ? ಉದ್ದ ಹೋಸು, ಅಂದರೆ ಗಾಳಿಯ ಕೊಳವೆ, ಇಟ್ಟವರು ಬಾಯಲ್ಲಿರುವುದನ್ನೇ ಕೊಡುತ್ತಾರೆ. ಹಳದಿ ಆಕ್ಟೋಪಸ್‌ಗೆ ಕೈ ಹಾಕಿ ಅಭ್ಯಾಸ ಇದ್ದವರಿಗೆ ಅದು ತಿಳಿದಿರದಿದ್ದರೆ ಇಬ್ಬರ ಕೈಗಳೂ ಒಂದಕ್ಕೊಂದು ಅಡ್ಡ ಬರುತ್ತವೆ. ಮುಳುಗಲು ಕಟ್ಟಿಕೊಳ್ಳುವ ತೂಕ ಬೆಲ್ಟಿನಲ್ಲಿದೆಯೋ ಬಿಸಿಡಿಯ (ಗಾಳಿ ತುಂಬಿ ತೇಲುವುದನ್ನು ಹದಗೊಳಿಸುವ ಜಾಕೆಟ್) ಜೇಬಿನಲ್ಲಿದೆಯೋ, ಜೇಬಾದರೆ ಹಿಡಿಕೆಯನ್ನು ಮುಂದಕ್ಕೆ ಎಳೆಯಬೇಕೋ ಕೆಳಕ್ಕೋ? ಒಮ್ಮೆ ಅವರ ಜೇಬಿನ ಮೇಲೆ ಕೈಯಿಟ್ಟು ನೋಡಬೇಕು, ಅದೂ ಗ್ಲೌಸ್ ಹಾಕಿಕೊಂಡೇ. ಬರಿಗೈಗೆ ಸುಲಭವಾಗಿ ಸಿಗುವ ಬಕಲ್ 5 ಮಿಲಿಮೀಟರ್ ಗ್ಲೌಸಿಗೆ ಸಿಗುವುದೇ ಇಲ್ಲ. ಮೂರು ಬೆರಳಿನ ಗ್ಲೌಸ್ ಹಾಕಿದವರು ಬೆರಳೆಣಿಸಿ ಸಿಲಿಂಡರಿನಲ್ಲಿ ಉಳಿದ ಗಾಳಿಯ ಒತ್ತಡ ತೋರಿಸಲಾರರು. ಅಂಥವರು ಗೇಜನ್ನೇ ತಿರುಗಿಸಿ ತೋರಿಸಬೇಕು. ಗೇಜಿನಲ್ಲೂ ಒಬ್ಬರದು ಪಿಎಸ್‌ಐ, ಇನ್ನೊಬ್ಬರದು ಬಾರ್ ಆಗಿರಬಹುದು. 3,000 ಪಿಎಸ್‌ಐ ಅಂದರೆ 207 ಬಾರ್, 1,000 ಅಂದರೆ ಸುಮಾರು 70. ಇಬ್ಬರೂ ಸ್ಲೇಟಿನ ಮೇಲೆ ಈ ಎರಡು ಜೋಡಿ ಬರೆದುಕೊಂಡರೆ ಸಾಕು.

ಸಿಲಿಂಡರಿನ ವಾಲ್ವ್ ವಿಚಾರದಲ್ಲಿ ಮಾತು ನಂಬಬಾರದು. ‘ತೆಗೆದಿದೆ’ ಎಂದು ಹೇಳಿದವರ ವಾಲ್ವ್ ಕಾಲು ಸುತ್ತು ಮಾತ್ರ ತೆಗೆದಿರಬಹುದು. ಅದು ದಡದ ಮೇಲೆ ಗಾಳಿ ಕೊಡುತ್ತದೆ, ಆಳದಲ್ಲಿ ಸಾಲುವುದಿಲ್ಲ. ನೋಡುವ ಕ್ರಮ ಸರಳ: ಗೇಜನ್ನು ಕಣ್ಣೆದುರು ಹಿಡಿದು ರೆಗ್ಯುಲೇಟರಿನಿಂದ ಮೂರು ದೊಡ್ಡ ಉಸಿರು ಎಳೆಯಬೇಕು. ಮುಳ್ಳು ಅಲ್ಲಾಡದೆ ನಿಂತರೆ ವಾಲ್ವ್ ಪೂರ್ತಿ ತೆಗೆದಿದೆ. ಉಸಿರೆಳೆದಾಗ ಮುಳ್ಳು ಕೆಳಗಿಳಿದು, ಬಿಟ್ಟಾಗ ಮತ್ತೆ ಏರಿದರೆ ಸ್ವಲ್ಪ ಮಾತ್ರ ತೆಗೆದಿದೆ. ಉಸಿರಿನಿಂದ ಉಸಿರಿಗೆ ಇಳಿಯುತ್ತಲೇ ಹೋದರೆ ಮುಚ್ಚಿದೆ, ಹೋಸಿನಲ್ಲಿ ಉಳಿದ ಗಾಳಿಯಷ್ಟೇ ಬರುತ್ತಿದೆ. ಇದನ್ನು ನಮ್ಮದರಲ್ಲಿ ಒಮ್ಮೆ, ಜೊತೆಗಾರರದರಲ್ಲಿ ಒಮ್ಮೆ ಇಬ್ಬರೂ ನೋಡುತ್ತ ಮಾಡಬೇಕು. ಚಳಿಗಾಲದಲ್ಲಾದರೆ ಈ ಪರೀಕ್ಷೆಯನ್ನು ಕಾರಿನ ಒಳಗೋ ಬೆಚ್ಚಗಿನ ಕೋಣೆಯಲ್ಲೋ ಮುಗಿಸಿಬಿಡುವುದು ಮೇಲು. ಕಾರಣ ಮುಂದೆ ಬರುತ್ತದೆ.

56 ನಿಮಿಷ 20 ಆಗುವ ಬಗೆ

ಟಾಹೋದ ದಡದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ್ದರ ಶೇ. 80ರಷ್ಟು. ಆಳದಲ್ಲಿ ಉಸಿರಾಡಿದ ಗಾಳಿಯ ನೈಟ್ರೋಜನ್ ಮೈಯಲ್ಲಿ ಕರಗಿರುತ್ತದೆ, ಒತ್ತಡ ಬೇಗ ಕಡಿಮೆಯಾದರೆ ಗುಳ್ಳೆಗಟ್ಟುತ್ತದೆ. ಆದ್ದರಿಂದ ಯಾವ ಆಳದಲ್ಲಿ ಎಷ್ಟು ನಿಮಿಷ ಇರಬಹುದೆಂದು ಹೇಳುವ ಡೈವಿಂಗ್ ಕೋಷ್ಟಕಗಳು ಲೆಕ್ಕ ಹಾಕುವುದು ಕೆಳಗಿನ ಒತ್ತಡ ಮೇಲಿನದರ ಎಷ್ಟು ಪಟ್ಟು ಎಂಬುದರ ಮೇಲೆ. ಮೇಲಿನದು ಕಡಿಮೆಯಾದಾಗ ಅದೇ ಆಳ ಹೆಚ್ಚು ಆಳವಾಗುತ್ತದೆ. 18 ಮೀಟರನ್ನು 0.8ರಿಂದ ಭಾಗಿಸಿದರೆ 22.5, ಸಿಹಿನೀರು ಸ್ವಲ್ಪ ಹಗುರ ಎಂದು ಕಳೆದರೆ ಸಮುದ್ರದ 22 ಮೀಟರಿಗೆ ಸಮ. ಡೈವಿಂಗ್ ತರಬೇತಿ ಸಂಸ್ಥೆ ಪಾಡಿಯ ಕೋಷ್ಟಕದಲ್ಲಿ 18 ಮೀಟರಿಗೆ 56 ನಿಮಿಷ ಇರಬಹುದು, 22ಕ್ಕೆ 37. ತಣ್ಣೀರಾದರೆ ನಾಲ್ಕು ಮೀಟರ್ ಹೆಚ್ಚು ಆಳ ಎಂದು ಎಣಿಸಿ ಎಂಬುದೂ ಅದೇ ಕೋಷ್ಟಕದ ನಿಯಮ. ಆಗ 26 ಆಯಿತು. ಆ ಸಾಲು ಕೋಷ್ಟಕದಲ್ಲಿಲ್ಲ, ಮುಂದಿನ 30ರ ಸಾಲಿಗೆ ಹೋಗಬೇಕು. ಅಲ್ಲಿರುವುದು 20 ನಿಮಿಷ. ಸಮುದ್ರದಲ್ಲಿ ಒಂದು ಗಂಟೆಯ ಹತ್ತಿರ ಇರುವ ಜಾಗದಲ್ಲಿ ಇಲ್ಲಿ ಇಪ್ಪತ್ತೇ ನಿಮಿಷ. ಮೇಲೇರುವ ವೇಗ ನಿಮಿಷಕ್ಕೆ 9 ಮೀಟರ್ ಮೀರಬಾರದು, ಏರುವಾಗ ಸ್ವಲ್ಪ ಹೊತ್ತು ನಿಲ್ಲುವ ಸೇಫ್ಟಿ ಸ್ಟಾಪ್ 5 ಮೀಟರಿನ ಬದಲು 4ರಲ್ಲಿ. ಕೊನೆಯ ಹತ್ತು ಮೀಟರಿನಲ್ಲಿ ಸೂಟಿನ, ಬಿಸಿಡಿಯ ಗಾಳಿ ಸಮುದ್ರದಲ್ಲಿ ಎರಡು ಪಟ್ಟು ಹಿಗ್ಗಿದರೆ ಇಲ್ಲಿ ಎರಡು ಪಟ್ಟಿಗಿಂತ ಹೆಚ್ಚು ಹಿಗ್ಗುತ್ತದೆ. ಆದ್ದರಿಂದ ಬಿಸಿಡಿಯ ಗಾಳಿಯನ್ನು ಬೇಗ ಬೇಗ, ಸ್ವಲ್ಪ ಸ್ವಲ್ಪವೇ ಬಿಡುತ್ತ ಬರಬೇಕು.

ಈಗಿನ ಡೈವ್ ಕಂಪ್ಯೂಟರ್‌ಗಳು ಎತ್ತರವನ್ನು ತಾವೇ ಗುರುತಿಸುತ್ತವೆ, ಆದರೆ ಎಲ್ಲವೂ ಅಲ್ಲ. ಕೆಲವಕ್ಕೆ ಎತ್ತರವನ್ನು ಕೈಯಲ್ಲೇ ಹೊಂದಿಸಬೇಕು. ಕೆಲವನ್ನು ನೀರಿಗಿಳಿಯುವ ಮುನ್ನ ದಡದ ಮೇಲೆ ಆನ್ ಮಾಡದಿದ್ದರೆ ಅವು ಸಮುದ್ರಮಟ್ಟವೆಂದೇ ಲೆಕ್ಕ ಶುರು ಮಾಡುತ್ತವೆ. ಮುಳ್ಳಿನ ಹಳೆಯ ಡೆಪ್ತ್ ಗೇಜು ಸಮುದ್ರಮಟ್ಟದ ಒತ್ತಡವನ್ನು ಸೊನ್ನೆ ಎಂದು ಹಿಡಿದು ಮಾಡಿದ್ದು. ಟಾಹೋದಲ್ಲಿ ಅದು ನಿಜವಾದ ಆಳಕ್ಕಿಂತ ಎರಡು ಮೀಟರಿಗೂ ಹೆಚ್ಚು ಕಡಿಮೆ ತೋರಿಸುತ್ತದೆ, ಮೊದಲ ಎರಡು ಮೀಟರಿನಲ್ಲಿ ಮುಳ್ಳು ಅಲ್ಲಾಡುವುದೇ ಇಲ್ಲ. ಹಾಗಾಗಿ ಜೊತೆಗಾರರ ಕಂಪ್ಯೂಟರ್ ಯಾವುದು, ನೀರು ಸಿಹಿಯದೆಂದು ಹೊಂದಿಸಿದ್ದಾರೆಯೇ, ಎತ್ತರದ ಗುರುತು ಪರದೆಯ ಮೇಲೆ ಬಂದಿದೆಯೇ ಎಂದು ಇಬ್ಬರೂ ಕೂತು ನೋಡಿಕೊಳ್ಳಬೇಕು. ಇಬ್ಬರ ಕಂಪ್ಯೂಟರ್ ಬೇರೆ ಬೇರೆ ಸಮಯ ತೋರಿಸಿದರೆ ಕಡಿಮೆ ತೋರಿಸಿದ್ದೇ ಇಬ್ಬರಿಗೂ ಮಿತಿ.

ಬೆಟ್ಟ ಹತ್ತಿ ಬಂದ ಕೂಡಲೇ ನೀರಿಗಿಳಿದರೆ ಮೈಯಲ್ಲಿ ಸಮುದ್ರಮಟ್ಟದ ನೈಟ್ರೋಜನ್ ಇನ್ನೂ ಉಳಿದಿರುತ್ತದೆ, ಅಂದರೆ ಆಗಲೇ ಒಂದು ಡೈವ್ ಮಾಡಿ ಬಂದಂತೆಯೇ ಲೆಕ್ಕ. ಪಾಡಿ ಆರು ಗಂಟೆ ಕಾಯಿರಿ ಎನ್ನುತ್ತದೆ, ಅಮೆರಿಕನ್ ನೌಕಾಪಡೆಯ ಕೈಪಿಡಿ ಹನ್ನೆರಡು ಗಂಟೆ. ಬೆಳಿಗ್ಗೆ ನಾಲ್ಕಕ್ಕೆ ಸ್ಯಾನ್ ಹೋಸೆ ಬಿಟ್ಟು ಒಂಬತ್ತಕ್ಕೆ ನೀರಿಗಿಳಿಯುವ ಯೋಜನೆ ಇದಕ್ಕೇ ಬೇಡ. ಶುಕ್ರವಾರ ರಾತ್ರಿಯೇ ಹೋಗಿ ಉಳಿದುಕೊಂಡರೆ ಕಾಯುವುದೂ ಆಯಿತು, ಮೇಲಿನ ಪ್ರಶ್ನೆಗಳನ್ನೆಲ್ಲ ಊಟದ ಜೊತೆ ನಿಧಾನವಾಗಿ ಮಾತಾಡುವುದೂ ಆಯಿತು. ಹೊಸಬರ ದಾಕ್ಷಿಣ್ಯ ಪಾರ್ಕಿಂಗ್ ಜಾಗದಲ್ಲಿ ಹತ್ತು ನಿಮಿಷಕ್ಕೆ ಹೋಗದು, ಒಂದು ರಾತ್ರಿಯ ಊಟಕ್ಕೆ ಹೋಗುತ್ತದೆ.

ತೂಕ, ಕಿವಿ, ಮತ್ತು ತಣ್ಣೀರಿನ ಗೆರೆ

ಸಿಹಿನೀರು ಉಪ್ಪುನೀರಿಗಿಂತ ಶೇ. 2.5ರಷ್ಟು ಹಗುರ. ಸಲಕರಣೆ ಸೇರಿ ನೂರು ಕಿಲೋ ತೂಗುವವರು ಮಾಂಟೆರೇಯ ತೂಕದಲ್ಲಿ ಎರಡೂವರೆ ಕಿಲೋ ತೆಗೆಯಬೇಕು. ಆದರೆ ಇದನ್ನು ಕಾಗದದ ಮೇಲೆ ಬಿಡದೆ ನೀರಿನಲ್ಲಿ ನೋಡಬೇಕು. ಎತ್ತರದಲ್ಲಿ 7 ಮಿಲಿಮೀಟರ್ ಸೂಟಿನ ರಬ್ಬರಿನೊಳಗಿನ ಗುಳ್ಳೆಗಳು ಸ್ವಲ್ಪ ಹಿಗ್ಗಿ ತೇಲಿಸುವುದೂ ಉಂಟು. ಬಿಸಿಡಿ ಖಾಲಿ ಮಾಡಿ, ಸಾಧಾರಣ ಉಸಿರು ಹಿಡಿದು ನಿಂತರೆ ನೀರು ಕಣ್ಣಿನ ಮಟ್ಟಕ್ಕೆ ಬರಬೇಕು. ಸಿಲಿಂಡರ್ ತುಂಬಿದ್ದರೆ ಅದರ ಮೇಲೆ ಎರಡೂವರೆ ಕಿಲೋ ಸೇರಿಸಿಕೊಳ್ಳಬೇಕು, ಯಾಕೆಂದರೆ ಸಾಮಾನ್ಯ ಅಲ್ಯೂಮಿನಿಯಂ ಸಿಲಿಂಡರಿನ ಗಾಳಿಯ ತೂಕವೇ ಹೆಚ್ಚುಕಡಿಮೆ ಅಷ್ಟು. ಅದು ಮುಗಿಯುತ್ತ ಬಂದಾಗ 4 ಮೀಟರಿನ ಸ್ಟಾಪಿನಲ್ಲಿ ನಿಲ್ಲಲಾಗದೆ ಮೇಲೆ ತೇಲಿಹೋಗುವವರು ಹೊಸಬರಲ್ಲಿ ಬಹಳ.

ಇಳಿಯುವ ಮುನ್ನ ಹುಡ್‌ನ ಅಂಚನ್ನು ಎರಡೂ ಕಿವಿಯ ಹತ್ತಿರ ಬೆರಳಿನಿಂದ ಬಿಡಿಸಿ ನೀರು ಒಳಗೆ ಬಿಡಬೇಕು. ಸಣ್ಣ ವಿಷಯದಂತೆ ಕಾಣುತ್ತದೆ. ಬಿಗಿ ಹುಡ್‌ನೊಳಗೆ ತಣ್ಣೀರು ಒಂದು ಕಿವಿಗೆ ಮೊದಲು, ಇನ್ನೊಂದಕ್ಕೆ ಆಮೇಲೆ ಹೋದರೆ ಒಳಗಿವಿಯ ಎರಡು ಬದಿಗೆ ಬೇರೆ ಬೇರೆ ಉಷ್ಣತೆ ತಟ್ಟಿ ತಲೆ ಗಿರ್ರನೆ ತಿರುಗುತ್ತದೆ. ಮೇಲೆ ಯಾವುದು, ಕೆಳಗೆ ಯಾವುದು ತಿಳಿಯದು. ಸಾಮಾನ್ಯವಾಗಿ ಒಂದು ನಿಮಿಷದೊಳಗೆ ತಾನಾಗಿ ಇಳಿಯುತ್ತದೆ, ಅಷ್ಟು ಹೊತ್ತು ಬಂಡೆಯನ್ನೋ ಜೊತೆಗಾರರ ತೋಳನ್ನೋ ಹಿಡಿದು ನಿಂತರೆ ಸಾಕು. ‘ಹೀಗಾದರೆ ನಿಮ್ಮ ತೋಳು ಹಿಡಿದುಕೊಳ್ಳುತ್ತೇನೆ, ಗಾಬರಿಯಾಗಬೇಡಿ’ ಎಂದು ಮೊದಲೇ ಹೇಳಿಟ್ಟಿರಬೇಕು. ಮುಖಕ್ಕೂ ಇದೇ ಉಪಚಾರ: ಮಾಸ್ಕ್ ಹಾಕುವ ಮೊದಲು ಒಂದು ನಿಮಿಷ ಮುಖವನ್ನು ನೀರಿಗೆ ಒಡ್ಡಿದರೆ, ತಣ್ಣೀರು ಸೋಕಿದಾಗ ಉಬ್ಬಸದಂತೆ ಏರುವ ಉಸಿರು ದಡದ ಹತ್ತಿರವೇ ಹದಕ್ಕೆ ಬರುತ್ತದೆ. ಸಲಕರಣೆ ಹೊತ್ತು ಬಂದು ಏದುಸಿರು ಬಿಡುತ್ತಿರುವಾಗಂತೂ ಇಳಿಯಲೇಬಾರದು. ಈ ಎತ್ತರದ ಗಾಳಿಯಲ್ಲಿ ದಣಿವಾರಲು ಐದು ನಿಮಿಷ ಕೂರಲೇಬೇಕು.

ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮೇಲಿನ ನೀರು 18ರಿಂದ 20 ಡಿಗ್ರಿ, ಈಜುವವರು ಬರಿಮೈಯಲ್ಲಿ ಇಳಿಯುತ್ತಾರೆ. ಅದನ್ನು ನೋಡಿ ತೆಳು ಸೂಟು ತಂದವರಿಗೆ ಕೆಳಗಿನದು ಗೊತ್ತಿರುವುದಿಲ್ಲ. ಗಾಳಿ, ಋತು ನೋಡಿಕೊಂಡು 15ರಿಂದ 25 ಮೀಟರಿನ ನಡುವೆ ಎಲ್ಲೋ ಬೆಚ್ಚಗಿನ ಪದರ ಮುಗಿಯುತ್ತದೆ. ಆ ಗೆರೆಯಲ್ಲಿ ನೀರು ಎಣ್ಣೆ ಬೆರೆತಂತೆ ಅಲುಗಾಡಿ ಕಾಣುತ್ತದೆ. ಕೈ ಕೆಳಗೆ ಚಾಚಿದರೆ ಬೆರಳ ತುದಿಗೆ ಒಂದು ಚಳಿ, ಮೊಣಕೈಗೆ ಇನ್ನೊಂದು. ಒಂದೆರಡು ಮೀಟರ್ ಇಳಿದರೆ 10 ಡಿಗ್ರಿಗಿಂತ ಕೆಳಗೆ. ಹಣೆ ಸಿಡಿಯುತ್ತದೆ, ಉಸಿರು ಚಿಕ್ಕದಾಗುತ್ತದೆ, ರೆಗ್ಯುಲೇಟರಿನ ಮೇಲೆ ಹೊರೆ ಹೆಚ್ಚುತ್ತದೆ. ಪಡುವಣ ಗಾಳಿ ಜೋರಾಗಿ ಬೀಸಿದ ದಿನಗಳಲ್ಲಿ ಪಶ್ಚಿಮ ದಡದ ಮೇಲ್ನೀರು ಆಚೆ ತಳ್ಳಲ್ಪಟ್ಟು ಕೆಳಗಿನ ತಣ್ಣೀರೇ ಮೇಲೆ ಬಂದಿರುತ್ತದೆ. ಹಿಂದಿನ ವಾರ ಬೆಚ್ಚಗಿತ್ತು ಎಂಬುದು ಈ ವಾರಕ್ಕೆ ಆಧಾರವಲ್ಲ. ಹೊಸ ಜೊತೆಗಾರರ ಮೊದಲ ಡೈವ್ ಈ ಗೆರೆಯ ಮೇಲೆಯೇ ಮುಗಿಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸ್ಯಾಂಡ್ ಹಾರ್ಬರಿನ ಬಂಡೆಗಳ ಸಂದಿನಲ್ಲಿ ಎಂಟು ಮೀಟರಿನಲ್ಲೇ ನೋಡುವುದಕ್ಕೆ ಬೇಕಾದಷ್ಟಿದೆ. ಎಮರಾಲ್ಡ್ ಬೇಯಲ್ಲಿ 2018ರಲ್ಲಿ ತೆರೆದ ನೀರೊಳಗಿನ ಪಾರಂಪರಿಕ ಜಾಡಿನಲ್ಲಿ ಮುಳುಗಿದ ಬಾರ್ಜುಗಳು, ಸಣ್ಣ ದೋಣಿಗಳಿವೆ. ರೂಬಿಕಾನ್ ಪಾಯಿಂಟಿನ ಗೋಡೆಯಂಥ ಬಂಡೆ ನೂರಾರು ಮೀಟರ್ ನೇರ ಕೆಳಗಿಳಿಯುತ್ತದೆ. ಅಲ್ಲಿ ತಿಳಿನೀರಿನಲ್ಲಿ ಆಳದ ಅಂದಾಜೇ ಸಿಗದು. ಅದು ಒಬ್ಬರ ಕೈ ಒಬ್ಬರಿಗೆ ಪಳಗಿದ ಮೇಲಿನ ಮಾತು.

ರೆಗ್ಯುಲೇಟರ್ ಹೆಪ್ಪುಗಟ್ಟಿದಾಗ

ಸೈಕಲ್ ಟ್ಯೂಬಿನ ಗಾಳಿ ಬಿಟ್ಟಾಗ ವಾಲ್ವ್ ತಣ್ಣಗಾಗುತ್ತದಲ್ಲ, ಸಿಲಿಂಡರಿನಲ್ಲಿ ಅದೇ ಕೆಲಸ ಬಹಳ ದೊಡ್ಡದಾಗಿ ನಡೆಯುತ್ತದೆ. 200 ಬಾರ್ ಗಾಳಿ ರೆಗ್ಯುಲೇಟರಿನ ಫಸ್ಟ್ ಸ್ಟೇಜಿನಲ್ಲಿ (ಸಿಲಿಂಡರಿನ ಮೇಲೆ ಕೂರುವ ಭಾಗ) ಒಮ್ಮೆಲೇ 10 ಬಾರಿನಷ್ಟಕ್ಕೆ ಹಿಗ್ಗುವಾಗ ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿ ಹುಟ್ಟುತ್ತದೆ. ಬೆಚ್ಚನೆಯ ಸಮುದ್ರದಲ್ಲಿ ಸುತ್ತಲಿನ ನೀರೇ ಅದನ್ನು ಕಾಯಿಸುತ್ತದೆ. ಆರೇಳು ಡಿಗ್ರಿಯ ಸಿಹಿನೀರಿಗೆ ಆ ಶಕ್ತಿ ಇಲ್ಲ, ಜೊತೆಗೆ ಸಿಹಿನೀರು ಸೊನ್ನೆಯಲ್ಲೇ ಮಂಜಾಗುತ್ತದೆ, ಸಮುದ್ರದ ನೀರು ಇನ್ನೂ ಸುಮಾರು ಎರಡು ಡಿಗ್ರಿ ತಾಳುತ್ತದೆ. ಫಸ್ಟ್ ಸ್ಟೇಜಿನ ಸ್ಪ್ರಿಂಗಿನ ಸುತ್ತ ಮಂಜು ಕಟ್ಟಿ ಪಿಸ್ಟನ್ ಮುಚ್ಚದೆ ಹೋದರೆ ಹೋಸಿನ ಒತ್ತಡ ಏರಿ ಸೆಕೆಂಡ್ ಸ್ಟೇಜಿನಿಂದ (ಬಾಯಲ್ಲಿ ಕಚ್ಚುವ ಭಾಗ) ಗಾಳಿ ಭೋರೆಂದು ಸುರಿಯುತ್ತದೆ. ಬಿಡುವ ಉಸಿರಿನ ತೇವ ಸೆಕೆಂಡ್ ಸ್ಟೇಜಿನ ಲಿವರಿನ ಮೇಲೆ ಹೆಪ್ಪುಗಟ್ಟಿದರೂ ಅದೇ ಪರಿಣಾಮ. ಸುರಿದಷ್ಟೂ ಚಳಿ ಹೆಚ್ಚು, ಚಳಿ ಹೆಚ್ಚಿದಷ್ಟೂ ಮಂಜು ಹೆಚ್ಚು. ತಾನಾಗಿ ನಿಲ್ಲುವ ಮಾತಿಲ್ಲ. ತುಂಬಿದ ಸಿಲಿಂಡರ್ ಕೆಲವೇ ನಿಮಿಷಗಳಲ್ಲಿ ಬರಿದಾಗುತ್ತದೆ.

ತಡೆಯುವ ಕ್ರಮಗಳು ಗೊತ್ತಿರುವಂಥವೇ, ಆದರೆ ಎಲ್ಲವನ್ನೂ ಒಟ್ಟಿಗೆ ಪಾಲಿಸಬೇಕು. ಫಸ್ಟ್ ಸ್ಟೇಜಿನೊಳಗೆ ನೀರು ಹೋಗದಂತೆ ಮುಚ್ಚಿದ ಡಯಾಫ್ರಮ್ ಮಾದರಿ ಒಳ್ಳೆಯದು. ಐರೋಪ್ಯ ಮಾನದಂಡದಲ್ಲಿ ತಣ್ಣೀರಿಗೆ ಒಗ್ಗದ ರೆಗ್ಯುಲೇಟರಿನ ಮೇಲೆ 10 ಡಿಗ್ರಿಗಿಂತ ಹೆಚ್ಚು ಎಂಬ ಗುರುತು ಇರುತ್ತದೆ. ಜೊತೆಗಾರರ ಬಾಡಿಗೆ ರೆಗ್ಯುಲೇಟರಿನಲ್ಲಿ ಅದು ಕಂಡರೆ ಆ ದಿನ ತಣ್ಣೀರಿನ ಗೆರೆ ದಾಟುವ ಯೋಚನೆ ಬಿಡಬೇಕು. ಫಸ್ಟ್ ಸ್ಟೇಜ್ ಕೂರಿಸುವ ಮೊದಲು ವಾಲ್ವನ್ನು ಒಂದು ಕ್ಷಣ ತೆರೆದು ಅಲ್ಲಿರುವ ನೀರ ಹನಿಯನ್ನು ಹಾರಿಸಬೇಕು, ಡಸ್ಟ್ ಕ್ಯಾಪ್ ಒರೆಸಿ ಒಣಗಿಸಿಯೇ ಮುಚ್ಚಬೇಕು. ಕೊರೆಯುವ ಗಾಳಿಯಲ್ಲಿ ದಡದ ಮೇಲೆ ನಿಂತು ರೆಗ್ಯುಲೇಟರಿನಿಂದ ಉಸಿರಾಡಬಾರದು, ಗಾಳಿ ಹೊರಬಿಡುವ ಪರ್ಜ್ ಬಟನ್ ಒತ್ತಿ ನೋಡುವ ಚಟವೂ ಬೇಡ. ನೀರಿನೊಳಗೆ ಬಿಸಿಡಿಗೆ ಗಾಳಿ ತುಂಬುವಾಗ ಗುಂಡಿಯನ್ನು ಒಂದೊಂದು ಕ್ಷಣ ಮಾತ್ರ ಒತ್ತಬೇಕು, ಅದೂ ಉಸಿರು ಬಿಡುತ್ತಿರುವಾಗ. ಎಳೆಯುತ್ತಿರುವಾಗಲೇ ಒತ್ತಿದರೆ ಒಂದೇ ಫಸ್ಟ್ ಸ್ಟೇಜಿನ ಮೇಲೆ ಎರಡು ಹೊರೆ.

ಇಷ್ಟೆಲ್ಲ ಮಾಡಿಯೂ ಸುರಿಯತೊಡಗಿದರೆ? ಗುಳ್ಳೆಗಳ ಗದ್ದಲದಲ್ಲಿ ಏನೂ ಕಾಣುವುದಿಲ್ಲ, ಮಾಸ್ಕ್ ಕೂಡ ಅಲ್ಲಾಡುತ್ತದೆ. ಬಾಯಿಂದ ಪೂರ್ತಿ ತೆಗೆಯಬಾರದು. ತುಟಿಯನ್ನು ಒಂದು ಬದಿ ಸಡಿಲ ಬಿಟ್ಟು, ಹೆಚ್ಚಿನ ಗಾಳಿ ಹೊರಹೋಗಲು ಬಿಟ್ಟು, ಬೇಕಾದಷ್ಟನ್ನು ಹೀರಬೇಕು. ಜೊತೆಗಾರರು ಎರಡು ಮೀಟರಿನಲ್ಲಿದ್ದರೆ ಎರಡು ಸಲ ಫಿನ್ ಹೊಡೆದು ಬಂದು ತಮ್ಮ ರೆಗ್ಯುಲೇಟರ್ ಕೊಡುತ್ತಾರೆ, ಭುಜದ ಪಟ್ಟಿ ಹಿಡಿಯುತ್ತಾರೆ, ಇನ್ನೊಂದು ಕೈಯಿಂದ ನಮ್ಮ ಸಿಲಿಂಡರಿನ ವಾಲ್ವ್ ಮುಚ್ಚುತ್ತಾರೆ. ಮುಚ್ಚಿದರೆ ಉಳಿದ ಗಾಳಿ ಉಳಿಯುತ್ತದೆ, ಮಂಜು ಕರಗಿದ ಮೇಲೆ ಬೇಕಾದರೆ ಮತ್ತೆ ತೆರೆಯಬಹುದು. ಈಗ ಕೊಟ್ಟವರ ಫಸ್ಟ್ ಸ್ಟೇಜ್ ಇಬ್ಬರ ಉಸಿರು ಹೊರುತ್ತಿದೆ, ಅದೂ ಹೆಪ್ಪುಗಟ್ಟಬಹುದು. ಆದ್ದರಿಂದ ಅಲ್ಲೇ ನಿಂತು ಸರಿಪಡಿಸುವ ಪ್ರಯತ್ನ ಬೇಡ. ನಿಮಿಷಕ್ಕೆ 9 ಮೀಟರ್ ಮೀರದೆ ಬೆಚ್ಚಗಿನ ಪದರಕ್ಕೆ ಏರಬೇಕು. ಇದನ್ನೆಲ್ಲ ಒಂದು ಸಲ ನಾಲ್ಕೈದು ಮೀಟರಿನಲ್ಲಿ ಗಾಳಿ ಹಂಚಿಕೊಂಡು ಅಭ್ಯಾಸ ಮಾಡಿಯೇ ಮುಂದೆ ಹೋಗಬೇಕು. ಇಬ್ಬರದೂ ಸೇರಿ ನಾಲ್ಕು ನಿಮಿಷದ ಕೆಲಸ. ಅದೇ ಹೊತ್ತಿಗೆ ಒಬ್ಬರ ಬೆನ್ನ ಹಿಂದೆ ಇನ್ನೊಬ್ಬರು ಹೋಗಿ, ಫಸ್ಟ್ ಸ್ಟೇಜಿನಿಂದ ಸಣ್ಣ ಗುಳ್ಳೆಗಳ ಸಾಲು ಏಳುತ್ತಿದೆಯೇ ಎಂದೂ ನೋಡಬಹುದು.

ಇಂಥ ಹೊತ್ತಿಗೆ ಎಷ್ಟು ಗಾಳಿ ಉಳಿದಿರಬೇಕು ಎಂಬುದನ್ನು ಊಹೆಗೆ ಬಿಡಬೇಕಿಲ್ಲ. ಗಾಬರಿಯಾದವರು ನಿಮಿಷಕ್ಕೆ 30 ಲೀಟರ್ ಎಳೆಯುತ್ತಾರೆ ಎಂದಿಟ್ಟುಕೊಂಡರೆ ಇಬ್ಬರಿಗೆ 60. ಟಾಹೋದ 18 ಮೀಟರಿನಲ್ಲಿ ಒತ್ತಡ ಸಮುದ್ರಮಟ್ಟದ್ದರ ಸುಮಾರು ಎರಡೂವರೆ ಪಟ್ಟು. ಅಲ್ಲಿ ಎರಡು ನಿಮಿಷ ಹೋದರೆ 300 ಲೀಟರ್. ಎರಡು ನಿಮಿಷ ಏರಲು 200, 4 ಮೀಟರಿನಲ್ಲಿ ಮೂರು ನಿಮಿಷ ನಿಲ್ಲಲು 215. ಒಟ್ಟು 715 ಲೀಟರ್. 11.1 ಲೀಟರಿನ ಸಿಲಿಂಡರಿನಲ್ಲಿ ಅದು 65 ಬಾರ್. ಗೇಜಿನ ತಪ್ಪು ಸೇರಿಸಿ 70. ಅಷ್ಟಾದಾಗ ಸ್ಟಾಪ್ ಮುಗಿದಿರಬೇಕೆಂದಲ್ಲ, ಆಗ ತಳ ಬಿಟ್ಟಿರಬೇಕು. ಇನ್ನೊಂದು ಮಾತು: ಕಾರಿನಲ್ಲಿ 30 ಡಿಗ್ರಿ ಬಿಸಿಯಾಗಿದ್ದ ಸಿಲಿಂಡರ್ 8 ಡಿಗ್ರಿ ನೀರಿಗೆ ಬಂದರೆ ಒಂದು ಉಸಿರನ್ನೂ ಎಳೆಯದೆ 207 ಬಾರ್ 192ಕ್ಕೆ ಇಳಿಯುತ್ತದೆ. ಜೊತೆಗಾರರು ಗಾಳಿ ಬೇಗ ಮುಗಿಸುವವರು ಎಂದು ಇದರಿಂದ ತೀರ್ಮಾನಿಸಬಾರದು.

ಚಳಿ ಆಗುತ್ತಿದೆ ಎಂದು ಹೇಳದವರು

ಹೊಸಬರ ಎದುರು ‘ನನಗೆ ಸಾಕು’ ಎನ್ನಲು ಎಲ್ಲರಿಗೂ ಸಂಕೋಚ. ಚಳಿ ಹೆಚ್ಚಾದವರಿಗಂತೂ ತಮಗೆ ಚಳಿ ಹೆಚ್ಚಾಗಿದೆ ಎಂಬುದೇ ಹೊಳೆಯದೆ ಹೋಗಬಹುದು. ನೋಡಬೇಕಾದದ್ದು ಇವು: ಸನ್ನೆಗೆ ಉತ್ತರ ತಡವಾಗುವುದು, ಗೇಜು ಕೇಳಿದರೆ ಓಕೆ ಎಂದು ಕೈ ತೋರಿಸುವುದು, ಬಿಸಿಡಿಗೆ ಗಾಳಿ ತುಂಬುವ ಇನ್‌ಫ್ಲೇಟರ್ ಗುಂಡಿಗೆ ತಡಕಾಡುವುದು, ತೋಳುಗಳನ್ನು ಮೈಗೆ ಅವುಚಿಕೊಳ್ಳುವುದು. ಐದೈದು ನಿಮಿಷಕ್ಕೊಮ್ಮೆ ಗೇಜು ಕೇಳುವ ನೆಪದಲ್ಲೇ ಇದನ್ನು ಪರೀಕ್ಷಿಸಬಹುದು; ಸರಿಯಾದ ಅಂಕಿ ತಕ್ಷಣ ಬಂದರೆ ತಲೆ ಕೆಲಸ ಮಾಡುತ್ತಿದೆ. ಉತ್ತರ ತಪ್ಪಿದರೆ ಹೆಬ್ಬೆರಳು ಮೇಲೆ, ಅಂದರೆ ‘ಡೈವ್ ಮುಗಿಸಿ ಏರೋಣ’ ಎಂಬ ಸನ್ನೆ. ಯಾರು ಬೇಕಾದರೂ, ಯಾವಾಗ ಬೇಕಾದರೂ, ಕಾರಣ ಕೊಡದೆ ಹೆಬ್ಬೆರಳೆತ್ತಬಹುದು. ಇನ್ನೊಬ್ಬರು ಹೆಬ್ಬೆರಳೆತ್ತಿ ಒಪ್ಪಬೇಕು, ದಡಕ್ಕೆ ಬಂದ ಮೇಲೂ ‘ಯಾಕೆ’ ಎಂದು ಕೆಣಕಬಾರದು. ಮೂವರ ಗುಂಪಾದರೆ ಒಬ್ಬರು ಏರಿದಾಗ ಮೂವರೂ ಏರಬೇಕು. ‘ನೀವಿಬ್ಬರೂ ನೋಡಿ ಬನ್ನಿ, ನಾನೊಬ್ಬನೇ ಹೋಗ್ತೀನಿ’ ಎಂಬ ಸೌಜನ್ಯಕ್ಕೆ ನೀರಿನಲ್ಲಿ ಜಾಗವಿಲ್ಲ. ಕಣ್ತಪ್ಪಿದರೆ ಒಂದು ನಿಮಿಷ ಸುತ್ತ ನೋಡಿ, ಸಿಗದಿದ್ದರೆ ಇಬ್ಬರೂ ಮೇಲೆ ಬಂದು ಭೇಟಿಯಾಗುವುದು.

ಇಳಿಯುವ ರಸ್ತೆ ಒಂದೇ

ಡೈವ್ ಮುಗಿದ ಮೇಲಿನ ಅಪಾಯವನ್ನು ಸಮುದ್ರದವರು ವಿಮಾನದ ಜೊತೆ ಮಾತ್ರ ನೆನೆಯುತ್ತಾರೆ. ಟಾಹೋದಿಂದ ಬೇ ಏರಿಯಾಗೆ ಬರುವ ರಸ್ತೆಗಳು ಮೊದಲು ಮೇಲೇರುತ್ತವೆ. ಐ-80ರ ಡಾನರ್ ಸಮ್ಮಿಟ್ 2,206 ಮೀಟರ್, ಹೈವೇ 50ರ ಎಕೋ ಸಮ್ಮಿಟ್ 2,250. ಸರೋವರದ ಮಟ್ಟದಿಂದ ಮುನ್ನೂರು ಮೀಟರಿಗೂ ಹೆಚ್ಚು ಏರು. ಸ್ಯಾಂಡ್ ಹಾರ್ಬರಿನಿಂದ ರೀನೋಗೆ ಹತ್ತಿರವೆಂದು ಮೌಂಟ್ ರೋಸ್ ದಾರಿ ಹಿಡಿದರೆ 2,716ಕ್ಕೆ, ಅಂದರೆ ಎಂಟುನೂರು ಮೀಟರ್ ಮೇಲಕ್ಕೆ. ಮೈಯಲ್ಲಿ ಕರಗಿದ ನೈಟ್ರೋಜನ್ನಿಗೆ ರಸ್ತೆಯೂ ಒಂದೇ, ವಿಮಾನವೂ ಒಂದೇ. ಅಮೆರಿಕನ್ ನೌಕಾಪಡೆಯ ಕೈಪಿಡಿಯಲ್ಲಿ ಡೈವಿನ ನಂತರ ಎಷ್ಟು ಎತ್ತರ ಏರಲು ಎಷ್ಟು ಗಂಟೆ ಕಾಯಬೇಕೆಂಬ ಕೋಷ್ಟಕವೇ ಇದೆ. ವಿಮಾನಕ್ಕೆ ಹೇಳುವ ನಿಯಮವನ್ನೇ ಇಲ್ಲಿಗೂ ಇಟ್ಟುಕೊಳ್ಳುವುದು ಕ್ಷೇಮ: ಒಂದೇ ಡೈವಿಗೆ 12 ಗಂಟೆ, ಹೆಚ್ಚಾದರೆ 18. ಶನಿವಾರ ಬೆಳಿಗ್ಗೆ ಡೈವ್, ರಾತ್ರಿ ಅಲ್ಲೇ ನಿದ್ದೆ, ಭಾನುವಾರ ಮಧ್ಯಾಹ್ನ ಹೊರಡುವುದು. ನಡುವಿನ ಹೊತ್ತಿನಲ್ಲಿ ಸಲಕರಣೆ ತೊಳೆದು, ಬಿಸಿಡಿಯ ಒಳಗಿನ ನೀರು ಸುರಿದು ಪೂರ್ತಿ ಒಣಗಿಸಬಹುದು. 2024ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗೋಲ್ಡನ್ ಮಸಲ್ ಎಂಬ ಆಕ್ರಮಣಕಾರಿ ಚಿಪ್ಪುಜೀವಿ ಪತ್ತೆಯಾದ ಮೇಲೆ, ಒಂದು ಕೆರೆಯ ತೇವ ಇನ್ನೊಂದಕ್ಕೆ ಹೋಗದಂತೆ ನೋಡಿಕೊಳ್ಳುವ ಹೊಣೆ ಡೈವರ್‌ಗಳ ಮೇಲೂ ಇದೆ.

ಆಮ್ಲಜನಕದ ಕಿಟ್ ಯಾರ ಕಾರಿನಲ್ಲಿದೆ, ಆ ಕಾರಿನ ಕೀ ಎಲ್ಲಿದೆ ಎಂಬುದು ದಡದ ಮೇಲೆ ಉಳಿಯುವವರಿಗೆ ಗೊತ್ತಿರಬೇಕು. ಡೈವಿನ ನಂತರ ಕೀಲು ನೋವು, ಚರ್ಮದ ಮೇಲೆ ಮಚ್ಚೆ, ಜೋಮು, ಅತಿಯಾದ ಸುಸ್ತು ಕಂಡರೆ ‘ಭಾರ ಹೊತ್ತದ್ದಕ್ಕೆ ಇರಬೇಕು’ ಎಂದು ತಳ್ಳಿಹಾಕದೆ ಮಲಗಿಸಿ, ನಿಮಿಷಕ್ಕೆ 15 ಲೀಟರಿನಂತೆ ಆಮ್ಲಜನಕ ಕೊಟ್ಟು, 911ಕ್ಕೆ ಕರೆ ಮಾಡಿ ಡೈವ್ ಮಾಡಿದ್ದನ್ನೂ ಸರೋವರದ ಎತ್ತರವನ್ನೂ ಮೊದಲೇ ಹೇಳಬೇಕು. ತಾವೇ ಕಾರಿನಲ್ಲಿ ಒಯ್ಯಲೇಬೇಕಾದ ಪರಿಸ್ಥಿತಿ ಬಂದರೆ ದಾರಿ ಮುಖ್ಯ. ಟಾಹೋದಿಂದ ಹೊರಹರಿಯುವ ನದಿ ಟ್ರಕೀ ಒಂದೇ. ಟಾಹೋ ಸಿಟಿಯಿಂದ ಅದರ ಪಕ್ಕದಲ್ಲೇ ಹೋಗುವ ಹೈವೇ 89 ಟ್ರಕೀ ಊರಿಗೆ ಇಳಿಯುತ್ತದೆ, ಅಲ್ಲಿಂದ ಐ-80 ಪೂರ್ವಕ್ಕೆ ರೀನೋವರೆಗೆ ನದಿಯ ಜಾಡಿನಲ್ಲೇ ಸಾಗುತ್ತದೆ. ಮೌಂಟ್ ರೋಸ್‌ಗಿಂತ ಸುತ್ತು, ಆದರೆ ಕಣಿವೆ ಬಿಟ್ಟು ಬೆಟ್ಟ ಹತ್ತುವುದಿಲ್ಲ. ಫೋನಿನ ನಕಾಶೆ ಹತ್ತಿರದ ದಾರಿಯನ್ನೇ ತೋರಿಸುತ್ತದೆ. ಈ ದಾರಿಯನ್ನು ಶುಕ್ರವಾರ ರಾತ್ರಿಯೇ ಗುಂಪಿನಲ್ಲಿ ಎಲ್ಲರಿಗೂ ಕಳಿಸಿಟ್ಟಿರಬೇಕು.